ಬಾಯಲ್ಲೇ ಉಳಿದ ಸಾಲು

ಭಾನುವಾರದ ಪಾಳಿ ಎಂದರೆ ಚೂಟಿಗೆ ಇಷ್ಟ. ಕೆಳಗಿನ ಟೈರ್ ಅಂಗಡಿಗೆ ರಜೆ, ಹಾಗಾಗಿ ಗಾಳಿ ತುಂಬುವ ಯಂತ್ರದ ಗಲಾಟೆ ಇಲ್ಲ. ಮೇಲಿನ ಎರಡು ಕೋಣೆಯ ಆಫೀಸಿನಲ್ಲಿ ಅವಳು, ಒಳಕೋಣೆಯಲ್ಲಿ ಮೇಷ್ಟ್ರು, ಅಷ್ಟೇ. ಬೇರೆ ನರಪಿಳ್ಳೆ ಇಲ್ಲ. ಮೇಷ್ಟ್ರು ಈ ಪುಟ್ಟ ಕಂಪನಿಯ ಯಜಮಾನರು. ಹಿಂದೆ ಯಾವುದೋ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದರು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಪಾಠ ಹೇಳುವ ಚಟ ಮಾತ್ರ ಬಿಟ್ಟಿಲ್ಲ. ಇನ್ನು ಚೂಟಿ ಎನ್ನುವುದು ಅವಳ ಅಣ್ಣ ಚಿಕ್ಕಂದಿನಲ್ಲಿ ಇಟ್ಟ ಹೆಸರು. ಒಂದು ದಿನ ಆಫೀಸಿಗೆ ಬಂದವನು ಅದನ್ನು ಇಲ್ಲಿಯೂ ಟಾಂಟಾಂ ಹೊಡೆದು ಹೋದ. ಅಂದಿನಿಂದ ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ಊಟದ ಹೊತ್ತು ಮೀರಿದ ಮೇಲೆ ಅತ್ತಿಗೆಯ ಫೋನ್ ಬಂತು.

"ಚೂಟಿ, ನಿಮ್ಮಣ್ಣ ಎಲ್ಲಿದ್ದಾರೆ ಸ್ವಲ್ಪ ನೋಡ್ತೀಯಾ? ಫೋನು ಸಿಗ್ತಾನೇ ಇಲ್ಲ."

ಅಣ್ಣ ಲಿಫ್ಟ್ ಮೆಕ್ಯಾನಿಕ್. ಅಂಗಡಿ ಆಫೀಸುಗಳು ಮುಚ್ಚಿರುವ ಭಾನುವಾರವೇ ಅವನಿಗೆ ಕೆಲಸ ಹೆಚ್ಚು. ಚೂಟಿ ಕುರ್ಚಿಯಲ್ಲೇ ತಿರುಗಿ ಗೋಡೆಯ ಮೇಲಿನ ದೊಡ್ಡ ಪರದೆ ನೋಡಿದಳು. ಒಬ್ಬಂಟಿಯಾಗಿ ಕೆಲಸ ಮಾಡುವವರಿಗಾಗಿ ಈ ಕಂಪನಿ ಒಂದು ಪುಟ್ಟ ಪೆಟ್ಟಿಗೆ ಮಾಡಿದೆ. ಲಿಫ್ಟ್ ರಿಪೇರಿಯವರು, ನೀರಿನ ಟ್ಯಾಂಕ್ ತೊಳೆಯುವವರು, ಎತ್ತರದ ಕಟ್ಟಡಗಳ ಗಾಜು ಒರೆಸುವವರು ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಾರೆ. ಕೆಲಸಕ್ಕೆ ಇಳಿಯುವ ಮೊದಲು ಬಾಗಿಲ ಪಕ್ಕ ಅಂಟಿಸಿದ ಚೀಟಿಗೆ ಅದನ್ನು ತಾಗಿಸಿ 'ಒಳಗೆ' ಎಂಬ ಬಟನ್ ಒತ್ತಬೇಕು, ಮುಗಿಸಿ ಬಂದ ಮೇಲೆ 'ಹೊರಗೆ' ಒತ್ತಬೇಕು. ಒತ್ತಿದಾಗ ಹಸಿರು ದೀಪ ಹತ್ತಿದರೆ, ನೀನು ಎಲ್ಲಿದ್ದೀಯೆಂದು ನಮಗೆ ಗೊತ್ತು ಎಂದು ಅರ್ಥ. ಒಳಗೆ ಹೋದವರು ಹೊತ್ತಿಗೆ ಸರಿಯಾಗಿ ಹೊರಗೆ ಬರದಿದ್ದರೆ ಈ ಪರದೆ ಕೆಂಪಾಗಿ ಸೈರನ್ ಕೂಗುತ್ತದೆ.

ಈಗ ಪರದೆ ತಣ್ಣಗಿತ್ತು. ಒಳಗೆ ಇದ್ದದ್ದು ಬ್ಯಾಂಕ್ ಕಟ್ಟಡದ ಗಾಜು ಒರೆಸುವವರು ಮಾತ್ರ, ಅವರ ಹೊತ್ತು ಇನ್ನೂ ಮೀರಿಲ್ಲ. ಅಣ್ಣನ ಹೆಸರಿನ ಮುಂದೆ 'ಹೊರಗೆ, ಕಣ್ಣಾಸ್ಪತ್ರೆ ಕಟ್ಟಡ' ಎಂದಿತ್ತು. ಅದು ಬೆಳಗಿನ ಮಾತು.

"ಕೆಲಸ ಆಗ್ಲೇ ಮುಗ್ಸಿದಾನೆ ಅತ್ತಿಗೆ. ಎಲ್ಲೋ ನಿಂತು ಹರಟೆ ಹೊಡೀತಿರ್ತಾನೆ. ನಿಮಗೆ ಗೊತ್ತಿಲ್ವಾ, ಅವನಿಗೆ ಕೇಳೋ ಕಿವಿ ಒಂದು ಸಿಕ್ಕಿದ್ರೆ ಸಾಕು."

"ಇಲ್ಲ ಚೂಟಿ. ಕಣ್ಣಾಸ್ಪತ್ರೆಯಿಂದ ಹೊರಟಾಗ ಫೋನ್ ಮಾಡಿದ್ರು. ಇನ್ನೊಂದು ಲಿಫ್ಟ್ ಇದೆ, ನೋಡ್ಕೊಂಡು ಊಟಕ್ಕೆ ಬಂದ್ಬಿಡ್ತೀನಿ ಅಂದ್ರು. ಎಲ್ಲಿ ಅಂತ ನಾನೂ ಕೇಳ್ಲಿಲ್ಲ."

ಚೂಟಿಯ ಬಾಯಿಯ ನಗು ಅಲ್ಲೇ ನಿಂತಿತು. ಇನ್ನೊಂದು ಲಿಫ್ಟ್ ಇದ್ದರೆ ಅದು ಪರದೆಯ ಮೇಲೆ ಬರಬೇಕಲ್ಲ! ಅಣ್ಣ ಬಟನ್ ಒತ್ತುವುದನ್ನು ಮರೆಯುವ ಆಸಾಮಿಯಲ್ಲ. ಒತ್ತದೆ ಕೆಲಸಕ್ಕಿಳಿದ ಹುಡುಗರಿಗೆ ಮಂಗಳಾರತಿ ಮಾಡುವವನು ಅವನೇ.

"ಅತ್ತಿಗೆ, ಫೋನ್ ಇಡಿ. ನಾನೇ ಮತ್ತೆ ಮಾಡ್ತೀನಿ," ಎಂದಳು. ದನಿ ಮಾಮೂಲಿನಂತೆಯೇ ಇರಲಿ ಎಂದು ಪಟ್ಟ ಪ್ರಯತ್ನ ಫಲಿಸಲಿಲ್ಲ. ಆ ಕಡೆ ಅತ್ತಿಗೆ ಉಸಿರು ಹಿಡಿದದ್ದು ಕೇಳಿಸಿತು.

ಪರದೆಗೆ ಸುದ್ದಿ ಬರುವುದು ನಡೆದದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ಕಡತವಾದ ಲಾಗ್‌ನಿಂದ. ಬಟನ್ ಒತ್ತಿದಾಗಲೆಲ್ಲ ದೂರದ ಯಾವುದೋ ದೊಡ್ಡ ಕಂಪನಿಯ ಕಂಪ್ಯೂಟರಿನಲ್ಲಿ, ಕ್ಲೌಡ್ ಎನ್ನುತ್ತಾರಲ್ಲ ಅಲ್ಲಿ, ಇವರು ಬರೆದಿಟ್ಟ, ಫಂಕ್ಷನ್ ಎಂಬ ಒಂದು ಪುಟ್ಟ ಪ್ರೋಗ್ರಾಮು ಎಚ್ಚರವಾಗುತ್ತದೆ. ಯಾರು, ಎಲ್ಲಿ ಎಂದು ನೋಡಿ, ದೀಪ ಹತ್ತಿಸಿ, ಲಾಗ್‌ನಲ್ಲಿ ಒಂದು ಸಾಲು ಬರೆದು ಮತ್ತೆ ನಿದ್ದೆ ಹೋಗುತ್ತದೆ. ಪರದೆ ಓದುವುದು ಆ ಸಾಲುಗಳನ್ನೇ. ಸೈರನ್ ಕೂಗುವುದೂ ಅವನ್ನು ನೋಡಿಯೇ. "ಲಾಗ್‌ನಲ್ಲಿ ಎಲ್ಲ ಇದೆಯಲ್ಲ, ಮತ್ತೊಂದು ಕಡೆ ಯಾಕಮ್ಮ ಬರೀಬೇಕು?" ಎಂದು ಮೇಷ್ಟ್ರು ಮೊದಲ ದಿನ ಹೇಳಿದ ಮಾತನ್ನು ಯಾರೂ ಮತ್ತೆ ಕೆದಕಿರಲಿಲ್ಲ. ಪರದೆ ಸುಮ್ಮನಿದ್ದರೆ ಎಲ್ಲರೂ ಕ್ಷೇಮ ಎಂದುಕೊಳ್ಳುವುದು ಈ ಆಫೀಸಿನ ಪದ್ಧತಿಯೇ ಆಗಿಹೋಗಿತ್ತು.

ಚೂಟಿ ಲಾಗ್ ತೆರೆದಳು. ಬೆಳಗಿನ ಸಾಲುಗಳು ಸಾಲಾಗಿ ಇದ್ದವು. ಕಣ್ಣಾಸ್ಪತ್ರೆಯದ್ದಾದ ಮೇಲೆ ಯಾರೋ ಟ್ಯಾಂಕಿನವರು ಬಂದುಹೋದದ್ದು ಎರಡು ಸಾಲು. ಆಮೇಲೆ ಖಾಲಿ.

ಮೊದಲು ಹುಡುಕುವ ವೇಳೆ ತಪ್ಪಿರಬೇಕೆಂದು ಅದನ್ನು ಹಿಗ್ಗಿಸಿದಳು. ಖಾಲಿ. ಹಳೆಯ ಫಿಲ್ಟರ್ ಯಾವುದಾದರೂ ಹಾಗೇ ಉಳಿದು ಸಾಲುಗಳನ್ನು ಬಚ್ಚಿಡುತ್ತಿದೆಯೇನೋ ಎಂದು ಎಲ್ಲವನ್ನೂ ಕಿತ್ತುಹಾಕಿದಳು. ಖಾಲಿ. ಬೇರೆ ಊರಿನ ಯಂತ್ರಕ್ಕೆ ಹೋಗಿ ಬಿದ್ದಿದೆಯೇ ಎಂದು ಅಲ್ಲಿಯೂ ಇಣುಕಿದಳು. ಕ್ಲೌಡ್ ಕಂಪನಿಯ ಕ್ಷೇಮಸಮಾಚಾರದ ಪುಟ ತೆರೆದರೆ ಅದು 'ಎಲ್ಲವೂ ಸುಸೂತ್ರ' ಎಂದಿತು. ಆ ಪುಟ ಬೇರೇನಾದರೂ ಹೇಳಿದ್ದನ್ನು ಚೂಟಿ ಇದುವರೆಗೆ ಕಂಡಿಲ್ಲ. ಮನೆಗೆ ಬೆಂಕಿ ಬಿದ್ದರೂ ಅದರದು ಅದೇ ರಾಗ.

ಅಣ್ಣನಿಗೆ ಫೋನ್ ಮಾಡಿದಳು. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಹೆಂಗಸಿನ ದನಿ ನಯವಾಗಿ ಹೇಳಿತು. ಆ ನಯಕ್ಕೇ ಮೈ ಉರಿಯಿತು. ಲಿಫ್ಟಿನ ಕೆಳಗೆ, ನೆಲಮಟ್ಟಕ್ಕಿಂತ ಆಳದಲ್ಲಿ ಒಂದು ಗುಂಡಿ ಇರುತ್ತದೆ. ಅಲ್ಲಿಗೆ ಇಳಿದರೆ ಸಿಗ್ನಲ್ ಸತ್ತ ಹಾಗೆಯೇ. ಅದು ಅವಳಿಗೆ ಗೊತ್ತಿತ್ತು.

"ಮೇಷ್ಟ್ರೇ!" ಎಂದು ಕೂಗಿದಳು.

ಮೇಷ್ಟ್ರು ಕನ್ನಡಕ ಹಣೆಗೇರಿಸಿಕೊಂಡು ಬಂದರು. ವಿಷಯ ಕೇಳಿದವರೇ ಲಿಫ್ಟ್ ಕಂಪನಿಗೆ ಫೋನ್ ಹಚ್ಚಿದರು. ಭಾನುವಾರ ದೂರುಗಳೆಲ್ಲ ನೇರವಾಗಿ ಮೆಕ್ಯಾನಿಕ್ ಫೋನಿಗೇ ಹೋಗುತ್ತವೆ, ಎಲ್ಲಿಗೆ ಹೋದನೆಂದು ತಮಗೆ ತಿಳಿಯದು, ಅವನ ಪಾಲಿಗೆ ಊರ ತುಂಬ ಲಿಫ್ಟುಗಳಿವೆ ಎಂಬ ಉತ್ತರ ಬಂತು. ಒಂದೊಂದಾಗಿ ವಿಚಾರಿಸಿ ಎಂದು ಮೇಷ್ಟ್ರು ಗದರಿ ಫೋನಿಟ್ಟರು. ಒಂದೊಂದಾಗಿ ವಿಚಾರಿಸುವಷ್ಟರಲ್ಲಿ ರಾತ್ರಿಯಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತು.

ಅಷ್ಟರಲ್ಲಿ ಚೂಟಿಗೆ ಇನ್ನೊಂದು ದಾರಿ ಹೊಳೆದಿತ್ತು. ಇವರ ಲಾಗ್ ಏನೇ ಹೇಳಲಿ, ಫಂಕ್ಷನ್ನನ್ನು ಎಷ್ಟು ಸಲ ಎಬ್ಬಿಸಿದೆವು ಎಂಬ ಲೆಕ್ಕವನ್ನು ಕ್ಲೌಡ್ ಕಂಪನಿ ತಾನೇ ಬೇರೆ ಇಟ್ಟಿರುತ್ತದೆ. ಅದನ್ನು ತೆಗೆದು ಪಕ್ಕಪಕ್ಕ ಇಟ್ಟಳು. ಎಬ್ಬಿಸಿದ ಕರೆಗಳಿಗಿಂತ ಸಾಲುಗಳು ಎರಡು ಕಡಿಮೆ. ಆ ಎರಡು ಕರೆಗಳೂ ನಡುಮಧ್ಯಾಹ್ನ, ಹೆಚ್ಚುಕಡಿಮೆ ಒಂದೇ ಕ್ಷಣಕ್ಕೆ ಬಂದಿದ್ದವು; ಹಾಗಾಗಿ ಫಂಕ್ಷನ್ನಿನ ಎರಡು ಬೇರೆ ಬೇರೆ ಪ್ರತಿಗಳು ಒಂದೊಂದನ್ನು ಎತ್ತಿಕೊಂಡಿದ್ದವು.

"ಒತ್ತಿದಾನೆ ಮೇಷ್ಟ್ರೇ. ಅಣ್ಣ ಒತ್ತಿದಾನೆ," ಎಂದಳು. "ಸಾಲು ಬಂದಿಲ್ಲ ಅಷ್ಟೆ."

ಯಾಕೆ ಬಂದಿಲ್ಲ ಎಂದು ಅವರು ಕೇಳುವ ಮೊದಲೇ ಅವಳಿಗೆ ಉತ್ತರ ಸಿಕ್ಕಿತ್ತು. ಅದು ಅವಳದೇ ಕೈಕೆಲಸ.

ಮೊನ್ನೆ ಬುಧವಾರ ಅಣ್ಣ ಮನೆಯಲ್ಲಿ ಗೊಣಗಿದ್ದ. "ನಿಮ್ಮ ಹಸಿರು ದೀಪ ಹತ್ತೋದ್ರೊಳಗೆ ನನಗೆ ಮುಪ್ಪು ಬರುತ್ತೆ. ಕೈಯೆಲ್ಲ ಗ್ರೀಸು, ಅದನ್ನ ಹಿಡ್ಕೊಂಡು ಬಾಗಿಲಲ್ಲಿ ಭಿಕ್ಷುಕನ ಹಾಗೆ ನಿಲ್ಬೇಕು." ಮಾರನೆಯ ದಿನವೇ ಚೂಟಿ ಫಂಕ್ಷನ್ನಿನಲ್ಲಿ ಎರಡು ಹೆಜ್ಜೆ ಹಿಂದುಮುಂದು ಮಾಡಿದಳು: ಮೊದಲು ದೀಪ ಹತ್ತಿಸು, ಸಾಲನ್ನು ಆಮೇಲೆ ಬರೆ. ದೀಪ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತತೊಡಗಿತು. ಮೇಷ್ಟ್ರೂ ಭೇಷ್ ಎಂದಿದ್ದರು.

ಆದರೆ ಈ ಫಂಕ್ಷನ್‌ಗಳ ನಿದ್ದೆ ಮನುಷ್ಯರ ನಿದ್ದೆಯಲ್ಲ. ಉತ್ತರ ಕೊಟ್ಟ ಕ್ಷಣವೇ ಕಂಪನಿ ಅವನ್ನು ನಿಂತ ನಿಲುವಿನಲ್ಲೇ ಹೆಪ್ಪುಗಟ್ಟಿಸಿಬಿಡುತ್ತದೆ. 'ಆಮೇಲೆ' ಎನ್ನುವುದೇ ಅವಕ್ಕಿಲ್ಲ. ಬರೆಯಬೇಕಾದ ಸಾಲು ಬಾಯಲ್ಲೇ ಉಳಿಯುತ್ತದೆ; ಮುಂದಿನ ಕರೆ ಬಂದು ಎಬ್ಬಿಸಿದಾಗಲೇ ಅದು ಹೊರಗೆ ಬೀಳುವುದು. ವಾರದ ದಿನಗಳಲ್ಲಿ ಒಬ್ಬರ ಹಿಂದೆ ಒಬ್ಬರು ಒತ್ತುತ್ತಲೇ ಇರುವುದರಿಂದ ಒಬ್ಬರ ಸಾಲನ್ನು ಇನ್ನೊಬ್ಬರು ತಳ್ಳುತ್ತಿದ್ದರು, ಯಾರಿಗೂ ತಿಳಿಯಲಿಲ್ಲ. ಬದಲಾವಣೆಯಾದ ಮೇಲೆ ಇದೇ ಮೊದಲ ಭಾನುವಾರ. ಮಧ್ಯಾಹ್ನದ ಆ ಇಬ್ಬರ ನಂತರ ಯಾರೂ ಒತ್ತಿಲ್ಲ.

ಚೂಟಿ ತಡವರಿಸುತ್ತ ಇಷ್ಟನ್ನೂ ಹೇಳಿದಳು. ಮೇಷ್ಟ್ರ ಮುಖ ಬಿಳುಚಿಕೊಂಡಿತು. ಆದರೆ ಅವರು ಬೈಯಲಿಲ್ಲ. ಸರಸರನೆ ತಮ್ಮ ಕಂಪ್ಯೂಟರಿನ ಮುಂದೆ ಕೂತರು.

"ಆಗಿದ್ದಾಯ್ತು. ಹಳೇ ಪ್ರೋಗ್ರಾಮನ್ನೇ ವಾಪಸ್ ಏರಿಸ್ತೀನಿ, ಎರಡು ನಿಮಿಷ. ಎಲ್ಲ ಸರಿಹೋಗುತ್ತೆ."

ಮೇಷ್ಟ್ರ ಔಷಧಿಯೇ ಅದು. ಪ್ರಿಂಟರ್ ಕೆಟ್ಟರೂ ಫ್ಯಾನ್ ಕೆಟ್ಟರೂ ಒಮ್ಮೆ ಆರಿಸಿ ಹೊಸದಾಗಿ ಹತ್ತಿಸು ಎನ್ನುವವರು. ಅವರ ಬೆರಳು ಕೊನೆಯ ಕೀಲಿಯ ಮೇಲಿತ್ತು. ಚೂಟಿ ಹಾರಿ ಬಂದು ಕೀಬೋರ್ಡಿನ ಮೇಲೆ ಎರಡೂ ಅಂಗೈ ಊರಿದಳು. ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು ಹರಿದವು.

"ಏನಮ್ಮ ಇದು!"

"ಏರಿಸಿದ್ರೆ ಈಗ ಮಲಗಿರೋ ಎರಡೂ ಪ್ರತಿ ಸಾಯ್ತವೆ ಮೇಷ್ಟ್ರೇ! ಅವುಗಳ ಬಾಯಲ್ಲಿರೋ ಸಾಲೂ ಅವುಗಳ ಜೊತೇನೇ ಹೋಗುತ್ತೆ. ಅಣ್ಣ ಎಲ್ಲಿದ್ದಾನೆ ಅನ್ನೋದು ಪ್ರಪಂಚದಲ್ಲಿ ಅದೊಂದಕ್ಕೇ ಗೊತ್ತಿರೋದು."

ಮೇಷ್ಟ್ರು ಬೆರಳು ಹಿಂದಕ್ಕೆಳೆದುಕೊಂಡರು, ಬಿಸಿ ತಗುಲಿದವರಂತೆ. ಫಂಕ್ಷನ್ನಿನ ಎರಡು ಪ್ರತಿಗಳನ್ನಾದರೂ ಯಾವಾಗಲೂ ಸಿದ್ಧವಾಗಿಡಿ ಎಂದು ಇವರೇ ಕಂಪನಿಗೆ ಹೇಳಿಟ್ಟಿದ್ದರು, ನಿಜ. ಆದರೆ ಹಳತಾಯಿತೆಂದು ಅವನ್ನು ಬಿಸಾಡಿ ಹೊಸದನ್ನು ತಂದು ನಿಲ್ಲಿಸುವುದು ಕಂಪನಿಯ ಮರ್ಜಿ. ಯಾವಾಗ ಎಂದು ಅದು ಯಾರಿಗೂ ಹೇಳುವುದಿಲ್ಲ. ಈ ಕ್ಷಣಕ್ಕೂ ಆಗಬಹುದು, ಆಗಲೇ ಆಗಿಹೋಗಿರಲೂಬಹುದು.

"ಹಾಗಾದ್ರೆ ಎಬ್ಬಿಸೋಣ," ಎಂದರು ಮೇಷ್ಟ್ರು.

ಕಂಪ್ಯೂಟರಿನಿಂದ ಎಬ್ಬಿಸುವಂತಿರಲಿಲ್ಲ. ಪೆಟ್ಟಿಗೆಯೊಳಗಿನ ಚಿಪ್‌ನ ಸಹಿ ಇಲ್ಲದ ಕರೆಯನ್ನು ಬಾಗಿಲಲ್ಲೇ ತಡೆಯುವ ಏರ್ಪಾಡು ಮಾಡಿ ಮೇಷ್ಟ್ರು ಅದರ ಬಗ್ಗೆ ವರ್ಷವಿಡೀ ಜಂಬ ಕೊಚ್ಚಿಕೊಂಡಿದ್ದರು. ಪೆಟ್ಟಿಗೆಯೇ ಬೇಕು. ಬಂದವರಿಗೆ ತೋರಿಸಲು ಇಟ್ಟ ಒಂದು ಪೆಟ್ಟಿಗೆ ಚೂಟಿಯ ಡ್ರಾಯರಿನಲ್ಲಿತ್ತು. ಹೊರಗೆಳೆದು ಒತ್ತಿದಳು. ಹಸಿರು ದೀಪ ತಟ್ಟನೆ ಹತ್ತಿತು. ಇಬ್ಬರೂ ಲಾಗ್ ಮುಂದೆ ಬಾಗಿ ನಿಂತರು.

ಒಂದು ಸಾಲು ಬಂತು. 'ಹೊರಗೆ. ಗಾಜು ಒರೆಸುವವರು. ಬ್ಯಾಂಕ್ ಕಟ್ಟಡ.'

ಎರಡರಲ್ಲಿ ಒಂದು. ಅಣ್ಣನದಲ್ಲ.

ಮತ್ತೆ ಒತ್ತಿದಳು. ಅವಳದೇ ಮೊದಲ ಒತ್ತು ಸಾಲಾಗಿ ಬಂತು. ಮತ್ತೊಮ್ಮೆ ಒತ್ತಿದರೆ ಎರಡನೆಯ ಒತ್ತು. ಎಷ್ಟು ಸಲ ಒತ್ತಿದರೂ ಅವಳ ಮಾತನ್ನೇ ಅವಳಿಗೆ ಒಪ್ಪಿಸುತ್ತಿತ್ತು. ಎದ್ದಿರುವ ಪ್ರತಿಯನ್ನೇ ಕ್ಲೌಡ್ ಮತ್ತೆ ಮತ್ತೆ ಎಬ್ಬಿಸುತ್ತಿದೆ. ಇನ್ನೊಂದು ಪ್ರತಿ, ಅಣ್ಣನ ಸಾಲನ್ನು ಬಾಯಲ್ಲಿಟ್ಟುಕೊಂಡು ಎಲ್ಲೋ ಬಿದ್ದಿದೆ. ಚೂಟಿಗೆ ಅಳು ಉಕ್ಕಿಬಂತು. ಅಳುತ್ತಲೇ ಒತ್ತಿದಳು.

"ನಿಲ್ಸು. ಸುಮ್ನೆ ಒತ್ಬೇಡ," ಎಂದರು ಮೇಷ್ಟ್ರು. ಆ ದನಿ ಪಾಠದ ದನಿ. "ಎದ್ದಿರೋ ಪ್ರತಿ ಕೆಲಸದಲ್ಲಿರುವಾಗಲೇ ಇನ್ನೊಂದು ಕರೆ ಹೋಗ್ಬೇಕು. ಒಬ್ಬ ಬಿಡುವಿಲ್ಲ ಅಂದಾಗ ತಾನೇ ಇನ್ನೊಬ್ಬನನ್ನ ಕರಿಯೋದು? ಎರಡು ಪೆಟ್ಟಿಗೆ ಒಟ್ಟಿಗೆ ಒತ್ಬೇಕು."

ಎರಡನೆಯ ಪೆಟ್ಟಿಗೆ ಎಲ್ಲಿದೆ? ಇರುವವೆಲ್ಲ ಜನರ ಕೊರಳಲ್ಲಿವೆ. ಮೇಷ್ಟ್ರು ಒಳಕೋಣೆಗೆ ಓಡಿದರು. ಅವರು ಓಡಿದ್ದನ್ನು ಚೂಟಿ ನೋಡಿದ್ದು ಅದೇ ಮೊದಲು. ರಿಪೇರಿಗೆ ಬಂದ ಒಂದು ಪೆಟ್ಟಿಗೆ ಹೊಟ್ಟೆ ಬಿಚ್ಚಿಕೊಂಡು ಮೇಜಿನ ಮೇಲೆ ಬಿದ್ದಿತ್ತು. ಬಟನ್ ಕಿತ್ತು ಬಂದು ಎರಡು ತಂತಿ ಮಾತ್ರ ಉಳಿದಿದ್ದವು. ಅದನ್ನು ಅಂಗೈ ಮೇಲೆ ಇಟ್ಟುಕೊಂಡೇ ತಂದು, ಚಿಮಟದ ತುದಿಯಲ್ಲಿ ತಂತಿ ಹಿಡಿದರು.

"ಒಂದು, ಎರಡು, ಹ್ಞೂಂ."

ಎರಡೂ ದೀಪ ಹತ್ತಿದವು. ಲಾಗ್‌ನಲ್ಲಿ ಇವರದೇ ಸಾಲುಗಳು. ಒಟ್ಟಿಗೆ ಎಂದುಕೊಂಡದ್ದು ಒಟ್ಟಿಗೆ ಆಗಿರಲಿಲ್ಲ. ಮೊದಲಿನ ಹಾಗೆ ಫಂಕ್ಷನ್ ನಿಧಾನವಾಗಿದ್ದಿದ್ದರೆ ಹೇಗೋ ನಡೆಯುತ್ತಿತ್ತು. ಚೂಟಿಯ ಜಾಣತನದಿಂದ ಈಗ ಅದರ ಕೆಲಸ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತದೆ. ಆ ರೆಪ್ಪೆಯೊಳಗೇ ಇಬ್ಬರ ಕೈಯೂ ಬೀಳಬೇಕು. ಮೇಷ್ಟ್ರ ಕೈಯೋ, ವಯಸ್ಸಿಗೆ ತಕ್ಕಂತೆ ನಡುಗುತ್ತಿತ್ತು.

ಮತ್ತೆ. ಇಲ್ಲ. ಮತ್ತೆ. ಇಲ್ಲ. ತಂತಿ ಒಮ್ಮೆ ಜಾರಿ ನೆಲಕ್ಕೆ ಬಿತ್ತು, ಮೇಷ್ಟ್ರು ಅದಕ್ಕೆ ಬೈದ ಬೈಗುಳ ಪಾಠದ ಪುಸ್ತಕದ್ದಲ್ಲ. ಅತ್ತಿಗೆಯ ಕರೆ ಬಂದು ಫೋನ್ ಮೇಜಿನ ಮೇಲೆ ಒದ್ದಾಡುತ್ತಿತ್ತು. ಎತ್ತಿ ಏನು ಹೇಳುವುದೆಂದು ತಿಳಿಯದೆ ಚೂಟಿ ಅದನ್ನು ನೋಡಲೇ ಇಲ್ಲ. ದೇವರೇ ಅದು ಸತ್ತಿರದಿರಲಿ, ಅದನ್ನು ಬಿಸಾಡಿರದಿರಲಿ ಎಂದು ಮನಸ್ಸಿನಲ್ಲೇ ಅಂಗಲಾಚುತ್ತಿದ್ದಳು. ಅಂಗಲಾಚುತ್ತಿದ್ದದ್ದು ಒಂದು ಪ್ರೋಗ್ರಾಮಿನ ಆಯುಸ್ಸಿಗಾಗಿ ಎಂದು ಹೇಳಿದ್ದರೆ ಬೇರೆ ದಿನ ಅವಳೇ ನಗುತ್ತಿದ್ದಳು.

"ನನ್ನ ಕೈ ನೋಡ್ಬೇಡಿ," ಎಂದಳು. "ಕಣ್ಣು ಮುಚ್ಚಿ. ನನ್ನ ದನಿ ಕೇಳಿ ಸಾಕು. ಒಂದು, ಎರಡು..."

ಮೂರನೆಯದಕ್ಕೆ ಎರಡು ದೀಪ ಒಂದೇ ದೀಪದ ಹಾಗೆ ಹತ್ತಿದವು.

ಮರುಗಳಿಗೆಗೆ ಗೋಡೆಯ ಪರದೆ ಇಡೀ ಕೆಂಪಾಯಿತು. ಸೈರನ್ ಕಿವಿ ಹರಿಯುವ ಹಾಗೆ ಅರಚಿತು. 'ಒಳಗೆ. ಲಿಫ್ಟ್ ಮೆಕ್ಯಾನಿಕ್. ಪೀಠೋಪಕರಣದ ಗೋದಾಮು, ಸರಕಿನ ಲಿಫ್ಟ್. ಹೊತ್ತು ಮೀರಿದೆ.' ಆ ಕರ್ಕಶ ಸದ್ದಿಗೆ ಚೂಟಿಗೆ ಆದಷ್ಟು ಸಂತೋಷ ಯಾವ ಸಂಗೀತಕ್ಕೂ ಆಗಿರಲಿಲ್ಲ.

ಗೋದಾಮಿನ ಫೋನನ್ನು ಎತ್ತಿದವನು ವಾಚ್‌ಮನ್.

"ಮೆಕ್ಯಾನಿಕ್ಕಾ? ಆಗ್ಲೇ ಹೋದ್ರಲ್ಲ. ಸದ್ದೇ ಇಲ್ಲ."

"ಹೋಗಿದ್ದು ನೀವು ನೋಡಿದ್ರಾ?"

"ನೋಡ್ಲಿಲ್ಲ. ಆದ್ರೆ ಇದ್ದಿದ್ರೆ ಟಣ್ ಟಣ್ ಅಂತ ಏನಾದ್ರೂ ಕೇಳ್ಬೇಕಿತ್ತಲ್ಲ. 'ರಿಪೇರಿ ನಡೀತಿದೆ' ಅನ್ನೋ ತಮ್ಮ ಬೋರ್ಡನ್ನೂ ಸ್ವಿಚ್ಚಿಗೆ ನೇತುಹಾಕಿ ಮರೆತು ಹೋಗಿದ್ದಾರೆ. ಲಾರಿ ಬಂದು ನಿಂತಿದೆ ಮೇಡಂ, ಅದನ್ನ ತೆಗೆದು ಲಿಫ್ಟ್ ಚಾಲೂ ಮಾಡೋಣ ಅಂತ ಹೊರಟಿದ್ದೆ..."

"ಮುಟ್ಬೇಡಿ!" ಚೂಟಿಯ ಕೂಗಿಗೆ ಸೈರನ್ನೂ ಸಣ್ಣದಾಯಿತು. "ಸ್ವಿಚ್ ಮುಟ್ಬೇಡಿ! ನಮ್ಮಣ್ಣ ಒಳಗಿದ್ದಾನೆ. ಕೆಳಗಿನ ಬಾಗಿಲು ತೆಗೆಸಿ ಬಗ್ಗಿ ನೋಡಿ. ಫೋನ್ ಇಡ್ಬೇಡಿ."

ಫೋನಿನಲ್ಲಿ ಹೆಜ್ಜೆಯ ಸದ್ದು, ಲಾರಿಯವರ ಮಾತು, ಕಬ್ಬಿಣ ಎಳೆದ ಸದ್ದು ಕೇಳಿಸಿದವು. ಮೇಷ್ಟ್ರು ಚಿಮಟ ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ವಾಚ್‌ಮನ್ನನ ಏದುಸಿರು.

"ಇದ್ದಾರೆ ಮೇಡಂ. ಮಾತಾಡ್ತಿದ್ದಾರೆ. ಕಾಲು ಮುರಿದಿರೋ ಹಾಗಿದೆ."

ಚೂಟಿ ನೆಲದ ಮೇಲೆ ಕೂತುಬಿಟ್ಟಳು.

ಸಂಜೆ ಆಸ್ಪತ್ರೆಯ ಮಂಚದ ಮೇಲೆ ಅಣ್ಣ ದಿಂಬಿಗೆ ಒರಗಿದ್ದ. ಗುಂಡಿಗೆ ಇಳಿಯುವಾಗ ಏಣಿಯ ಮೆಟ್ಟಿಲು ಕಿತ್ತುಕೊಂಡು ಬಿದ್ದು, ಕಾಲಿನ ಎರಡೂ ಮೂಳೆ ಮುರಿದಿದ್ದವು. ಅವನ ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಅತ್ತಿಗೆ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದರು. ಅವರಿಗೆ ಅವನು ಧೈರ್ಯ ಹೇಳುತ್ತಿದ್ದ, ಪೆಟ್ಟು ಬಿದ್ದದ್ದು ಅವರಿಗೇ ಎಂಬಂತೆ.

"ನೀನು ಸುಮ್ನೆ ಹೆದರ್ಕೊಂಡೆ. ನನಗೆ ಒಂದು ಚೂರೂ ಭಯ ಆಗ್ಲಿಲ್ಲ ಗೊತ್ತಾ? ಬೀಳೋಕೆ ಮುಂಚೆ ಹಸಿರು ದೀಪ ನೋಡಿದ್ದೆ. ಪಟ್ ಅಂತ ಹತ್ತಿತು. ಚೂಟಿಗೆ ಗೊತ್ತು ನಾನೆಲ್ಲಿದ್ದೀನಿ ಅಂತ, ಹೊತ್ತು ಮೀರಿದ್ರೆ ಅಲ್ಲಿ ಸೈರನ್ ಕೂಗುತ್ತೆ, ಜನ ಬರ್ತಾರೆ. ಮತ್ತೆ ಯಾಕೆ ಕಿರುಚ್ಕೊಂಡು ಗಂಟಲು ಹರ್ಕೋಬೇಕು? ಆರಾಮಾಗಿ ಮಲಗಿದ್ದೆ. ನೋಡು, ಬಂದೇ ಬಂದ್ರು." ತಂಗಿಯ ಕಡೆ ತಿರುಗಿ ಹೆಮ್ಮೆಯಿಂದ ನಕ್ಕ. "ಏನೇ ಚೂಟಿ, ಸೈರನ್ ಜೋರಾಗಿ ಕೂಗಿತಾ?"

ಸುಮ್ಮನಿದ್ದುಬಿಡಬಹುದಿತ್ತು. ನೋವಿನಲ್ಲಿರುವವನಿಗೆ ಈಗಲೇ ಯಾಕೆ ಎಂದು ಮೇಷ್ಟ್ರೂ ಬಾಗಿಲ ಬಳಿಯಿಂದ ಸಣ್ಣಗೆ ತಲೆಯಾಡಿಸಿದರು. ಆದರೆ ಮುಂದಿನ ವಾರ, ಮುಂದಿನ ತಿಂಗಳು, ಇವನು ಅದೇ ದೀಪ ನೋಡಿ ಅದೇ ಗುಂಡಿಗಳಿಗೆ ಇಳಿಯುವವನು. ಚೂಟಿಗೆ ನಿಜವನ್ನು ನುಂಗಿಕೊಳ್ಳಲಾಗಲಿಲ್ಲ.

"ನನಗೆ ಗೊತ್ತಿರ್ಲಿಲ್ಲ ಅಣ್ಣ," ಎಂದಳು. "ದೀಪ ಸುಳ್ಳು ಹೇಳಿತು. ನೀನು ಬೇಗ ಹತ್ಬೇಕು ಅಂದೆ ಅಂತ ನಾನೇ ಹಾಗೆ ಮಾಡಿದ್ದೆ. ಸೈರನ್ ತಾನಾಗಿ ಕೂಗ್ಲಿಲ್ಲ. ನೀನು ಎಲ್ಲಿದ್ದೀಯ ಅಂತ ಯಾರಿಗೂ ಗೊತ್ತಿರ್ಲಿಲ್ಲ. ಅತ್ತಿಗೆ ಫೋನ್ ಮಾಡದೆ ಇದ್ದಿದ್ರೆ ನಾನು ನೋಡ್ತಾನೂ ಇರ್ಲಿಲ್ಲ."

ಅಣ್ಣನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಇತ್ತು, ಇಳಿಯುವುದು ಮರೆತಂತೆ. ಅವನು ಅತ್ತಿಗೆಯನ್ನು ನೋಡಿದ, ಮೇಷ್ಟ್ರನ್ನು ನೋಡಿದ. ಯಾರೂ ಇಲ್ಲವೆನ್ನಲಿಲ್ಲ.

"ಆ ವಾಚ್‌ಮನ್ ಎರಡು ಸಲ ನನ್ನ ತಲೆ ಮೇಲೇ ಓಡಾಡಿದ," ಎಂದ ನಿಧಾನವಾಗಿ. "ಚಪ್ಪಲಿ ಸದ್ದು ಕೇಳಿಸ್ತಿತ್ತು. ಹಾಡು ಹೇಳ್ಕೊಳ್ತಿದ್ದ. ಪಾಪ, ವಯಸ್ಸಾದವನನ್ನ ಯಾಕೆ ಗಾಬರಿ ಮಾಡೋದು, ಹೇಗೂ ಜನ ಬರ್ತಾರಲ್ಲ ಅಂತ ನಾನು... ನಾನು ಕರೀಲೇ ಇಲ್ಲ."

ಮಧ್ಯಾಹ್ನವಿಡೀ ಆ ಗುಂಡಿಯಲ್ಲಿ ಬಾರದ ಭಯ ಅವನಿಗೆ ಈಗ ಬಂತು. ಮೊದಲು ಬೆರಳು ನಡುಗಿದವು, ಆಮೇಲೆ ತೋಳು, ಆಮೇಲೆ ಮಂಚವೇ ಸಣ್ಣಗೆ ಕಿರುಗುಟ್ಟತೊಡಗಿತು. ಚೂಟಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ನರ್ಸ್ ಬಂದು ಹೊತ್ತಾಯಿತು ಹೊರಡಿ ಎಂದಾಗಲೂ ಆ ನಡುಕ ನಿಂತಿರಲಿಲ್ಲ.